ಚಳಿಗಾಲದಲ್ಲಿ ಮಕ್ಕಳಿಗೆ ಬಟ್ಟೆ ತೊಡಿಸುವ ಕ್ರಮ: ಒಳಪದರದಿಂದ ಕೈಗವಸಿನವರೆಗೆ

ಚಳಿಗಾಲ ಹತ್ತಿರವಾಗುತ್ತಿದ್ದಂತೆ ಚಿಕ್ಕ ಮಕ್ಕಳಿರುವವರು ಕೇಳುವ ಪ್ರಶ್ನೆಗಳು ವರ್ಷವರ್ಷವೂ ಹೆಚ್ಚುಕಡಿಮೆ ಅವೇ ಆಗಿರುತ್ತವೆ. ಮಗುವಿಗೆ ಎಷ್ಟು ಬಟ್ಟೆ ತೊಡಿಸಬೇಕು? ಹತ್ತಿಯದೋ, ಉಣ್ಣೆಯದೋ? ಮುಟ್ಟಿದರೆ ಕೈ ತಣ್ಣಗಿದೆ, ಇನ್ನೊಂದು ಸ್ವೆಟರ್ ಬೇಕೇ? ರಾತ್ರಿ ಟೋಪಿ ಹಾಕಿಯೇ ಮಲಗಿಸಬೇಕೇ? ಈ ಪ್ರಶ್ನೆಗಳನ್ನೆಲ್ಲ ಒಂದೆಡೆ ಕೂಡಿಸಿ, ಬಟ್ಟೆ ಆರಿಸುವಲ್ಲಿಂದ ಹಿಡಿದು ಹೊರಗಿನಿಂದ ಮರಳಿ ಬಂದು ಒದ್ದೆ ಕೈಗವಸನ್ನು ಒಣಗಹಾಕುವವರೆಗಿನ ಕ್ರಮವನ್ನು ಹಂತಹಂತವಾಗಿ ವಿವರಿಸಲು ಈ ಲೇಖನ ಬರೆದಿದ್ದೇನೆ. ಇದರಲ್ಲಿ ಒಂದೇ ಒಂದು ಸಂಗತಿ ನಿಮ್ಮ ನೆನಪಿನಲ್ಲಿ ಉಳಿಯುವುದಾದರೆ, ಮಗು ಬೆಚ್ಚಗಿರಬೇಕಾದರೆ ಮೊದಲು ಅದರ ಮೈ ಒಣಗಿರಬೇಕು ಎಂಬುದು ಉಳಿಯಲಿ. ಬಟ್ಟೆ ಕಡಿಮೆಯಾಗಿ ನಡುಗುವ ಮಕ್ಕಳಂತೆಯೇ, ಬಟ್ಟೆ ಹೆಚ್ಚಾಗಿ ಬೆವರಿ, ಆ ಬೆವರು ತಣಿದು ನಡುಗುವ ಮಕ್ಕಳೂ ಇದ್ದಾರೆ.

ಮಕ್ಕಳಿಗೆ ಚಳಿ ಬೇಗ ತಟ್ಟುವುದೇಕೆ?

ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು. ಕಾವು ಹೊರಹೋಗುವುದು ಚರ್ಮದ ಮೂಲಕವಾದ್ದರಿಂದ ಅವರ ಮೈ ಬೇಗ ತಣಿಯುತ್ತದೆ. ಹಸುಗೂಸುಗಳಲ್ಲಿ ಚರ್ಮದಡಿಯ ಕೊಬ್ಬು ತೆಳ್ಳಗಿರುತ್ತದೆ. ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಅವುಗಳಿಗೆ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಅದಕ್ಕೆ ಬದಲಾಗಿ ಕತ್ತು, ಬೆನ್ನು ಮತ್ತು ಭುಜಗಳ ಸುತ್ತ ಇರುವ ಕಂದು ಕೊಬ್ಬು, ಅಂದರೆ ಉರಿದು ಕಾವನ್ನಷ್ಟೇ ಕೊಡುವ ವಿಶೇಷ ಬಗೆಯ ಕೊಬ್ಬು, ಅವುಗಳನ್ನು ಕಾಯುತ್ತದೆ. ಈ ಕಾರಣದಿಂದ ‘ಮಗು ನಡುಗುತ್ತಿಲ್ಲ, ಹಾಗಾದರೆ ಚಳಿಯಾಗುತ್ತಿಲ್ಲ’ ಎಂಬ ಊಹೆಯನ್ನು ಹಸುಗೂಸುಗಳ ವಿಷಯದಲ್ಲಿ ನಂಬುವಂತಿಲ್ಲ. ಸ್ವಲ್ಪ ದೊಡ್ಡ ಮಕ್ಕಳ ಕಷ್ಟ ಬೇರೆ ಬಗೆಯದು. ಆಟದ ಗುಂಗಿನಲ್ಲಿ ಬೆರಳು ಜೋಮು ಹಿಡಿದದ್ದು ಅವರಿಗೆ ಗೊತ್ತೇ ಆಗುವುದಿಲ್ಲ, ಗೊತ್ತಾದರೂ ಒಳಗೆ ಕರೆದುಬಿಡುತ್ತಾರೆಂದು ಹೇಳುವುದಿಲ್ಲ.

ಬೇಕಾಗುವ ಉಡುಪುಗಳು

ಮೈಗೆ ಅಂಟಿಕೊಂಡಂತಿರುವ ಒಳ ಅಂಗಿ ಮತ್ತು ಪ್ಯಾಂಟ್, ಒಂದೆರಡು ಸ್ವೆಟರ್ ಇಲ್ಲವೇ ಫ್ಲೀಸ್, ಗಾಳಿ ಮತ್ತು ನೀರನ್ನು ತಡೆಯುವ ಜಾಕೆಟ್, ಹಿಮ ಬೀಳುವ ಕಡೆಯಾದರೆ ಅಂಥದ್ದೇ ಹೊರಪ್ಯಾಂಟ್, ಕಿವಿ ಮುಚ್ಚುವ ಟೋಪಿ, ಕತ್ತಿಗೆ ಕೊಳವೆಯಾಕಾರದ ಪಟ್ಟಿ, ಕನಿಷ್ಠ ಎರಡು ಜೊತೆ ಕೈಗವಸು, ಉಣ್ಣೆಯ ಕಾಲುಚೀಲ, ಬೆರಳಾಡಿಸಲು ಜಾಗವಿರುವ ಬೂಟು. ಇವೆಲ್ಲವೂ ಹೊಸದಾಗಿರಬೇಕೆಂದಿಲ್ಲ. ಮಕ್ಕಳ ಜಾಕೆಟ್ಟು, ಬೂಟುಗಳು ಹರಿಯುವ ಮೊದಲೇ ಚಿಕ್ಕದಾಗುತ್ತವೆ, ಆದ್ದರಿಂದ ಒಬ್ಬರು ತೊಟ್ಟು ಬಿಟ್ಟದ್ದು ಇನ್ನೊಬ್ಬರಿಗೆ ಚೆನ್ನಾಗಿಯೇ ಒದಗುತ್ತದೆ. ಹಣ ಸೀಮಿತವಾಗಿದ್ದರೆ ಒಳ ಉಡುಪು ಮತ್ತು ಬೂಟಿಗೆ ಮೊದಲ ಸ್ಥಾನ ಕೊಡಿ, ಜಾಕೆಟ್ಟಿನ ಅಂದಚಂದಕ್ಕೆ ಕೊನೆಯ ಸ್ಥಾನ.

ಹಂತ 1: ಹೊರಗಿನ ಹವೆಯನ್ನು ಸರಿಯಾಗಿ ಅಂದಾಜು ಮಾಡಿ

ಉಷ್ಣಮಾಪಕದ ಅಂಕಿಯೊಂದನ್ನೇ ನೋಡಿ ಬಟ್ಟೆ ಆರಿಸಬೇಡಿ. ಗಾಳಿ ಇದೆಯೇ, ಮಳೆಯೋ ಒದ್ದೆ ಹಿಮವೋ ಬೀಳುತ್ತಿದೆಯೇ, ಮಗು ಹೊರಗೆ ಓಡಾಡುತ್ತದೆಯೇ ಅಥವಾ ಕೂತಿರುತ್ತದೆಯೇ ಎಂಬ ಮೂರೂ ಅಷ್ಟೇ ಮುಖ್ಯ.

ನಮ್ಮ ಚರ್ಮಕ್ಕೆ ತಾಗಿದಂತೆ ಮೈಕಾವಿನಿಂದಲೇ ಬೆಚ್ಚಗಾದ ತೆಳುವಾದ ಗಾಳಿಯ ಪದರವೊಂದು ಇರುತ್ತದೆ. ಬೀಸುವ ಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತದೆ. ಗಾಳಿ ಸೇರಿದಾಗ ಚಳಿ ಎಷ್ಟು ಡಿಗ್ರಿಯಷ್ಟು ಅನಿಸುತ್ತದೆ ಎಂಬ ಲೆಕ್ಕಕ್ಕೆ ‘ವಿಂಡ್ ಚಿಲ್’ ಎನ್ನುತ್ತಾರೆ. ಅಂಟಾರ್ಕ್ಟಿಕಾದಲ್ಲಿ ನಡೆಸಿದ ಪ್ರಯೋಗಗಳ ಆಧಾರದ ಮೇಲೆ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಇದನ್ನು 1945ರಲ್ಲಿ ಪ್ರಕಟಿಸಿದರು. ಈಗ ಬಳಕೆಯಲ್ಲಿರುವ ಸೂತ್ರವನ್ನು ಅಮೆರಿಕ ಮತ್ತು ಕೆನಡಾ 2001ರಲ್ಲಿ ಜಾರಿಗೆ ತಂದವು. ಅದರ ಪ್ರಕಾರ ಗಂಟೆಗೆ 30 ಕಿ.ಮೀ. ವೇಗದ ಗಾಳಿಯಿದ್ದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಸುಮಾರು ಮೈನಸ್ 6ರಂತೆಯೂ, ಮೈನಸ್ 10 ಡಿಗ್ರಿ ಸುಮಾರು ಮೈನಸ್ 20ರಂತೆಯೂ ತಟ್ಟುತ್ತದೆ. ಹವಾಮಾನ ವರದಿಯಲ್ಲಿ ‘ಅನಿಸುವ ತಾಪಮಾನ’ ಎಂದು ಕೊಟ್ಟಿದ್ದರೆ ಅದನ್ನೇ ನೋಡಿ. ಆದರೆ ಈ ಸೂತ್ರ ರಚನೆಯಾಗಿರುವುದು ನಡೆದುಹೋಗುತ್ತಿರುವ ವಯಸ್ಕರೊಬ್ಬರ ಮುಖವನ್ನು ಮಾದರಿಯಾಗಿಟ್ಟುಕೊಂಡು. ಗಾಡಿಯಲ್ಲಿ ಅಲುಗಾಡದೆ ಕೂತ ಮಗುವಿಗೆ ಇನ್ನೂ ಸ್ವಲ್ಪ ಹೆಚ್ಚಿನ ಎಚ್ಚರ ಬೇಕು. ವಿಂಡ್ ಚಿಲ್ ಮೈನಸ್ 28ರ ಕೆಳಗಿಳಿದರೆ ಮುಚ್ಚದ ಚರ್ಮ ಅರ್ಧ ಗಂಟೆಯೊಳಗೇ ಹೆಪ್ಪುಗಟ್ಟಬಹುದು. ಅಂಥ ದಿನ ಎಷ್ಟೇ ಒಳ್ಳೆಯ ಬಟ್ಟೆಯಿದ್ದರೂ ಚಿಕ್ಕ ಮಕ್ಕಳು ಮನೆಯೊಳಗಿರುವುದೇ ಸರಿ.

ಸೊನ್ನೆಯ ಆಸುಪಾಸಿನ, ಮಳೆ ಜಿನುಗುವ ದಿನವನ್ನು ಹಗುರವಾಗಿ ನೋಡಬೇಡಿ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚುರುಕಾಗಿ ಕಾವನ್ನು ಸಾಗಿಸುತ್ತದೆ. ಹಾಗಾಗಿ ಒಣ ಹವೆಯ ಮೈನಸ್ 5 ಡಿಗ್ರಿಗಿಂತ ಒದ್ದೆಯಾಗಿಸುವ 2 ಡಿಗ್ರಿಯಲ್ಲಿ ಮಗು ಬೇಗ ಸೋಲುವುದುಂಟು.

ಹಂತ 2: ಒಳಪದರ

ಚರ್ಮಕ್ಕೆ ತಾಗುವ ಈ ಪದರದ ಕೆಲಸ ಬೆವರನ್ನು ಮೈಯಿಂದ ಎತ್ತಿ ಹೊರಗೆ ದಾಟಿಸುವುದು. ಇಲ್ಲಿ ತಪ್ಪಿದರೆ ಮೇಲೆ ಎಷ್ಟು ಹಾಕಿದರೂ ಅದನ್ನು ಸರಿಪಡಿಸಲಾಗದು ಎಂಬ ಕಾರಣಕ್ಕೆ ನಾನು ಈ ಹಂತಕ್ಕೆ ಎಲ್ಲಕ್ಕಿಂತ ಹೆಚ್ಚಿನ ಮಹತ್ವ ಕೊಡುತ್ತೇನೆ.

ಹತ್ತಿ ಮೃದು, ಚರ್ಮಕ್ಕೆ ಹಿತ, ಒಗೆಯಲು ಸುಲಭ. ಮನೆಯೊಳಗೆ, ಬೆವರದ ಹೊತ್ತಿನಲ್ಲಿ, ಅದಕ್ಕಿಂತ ಒಳ್ಳೆಯದು ಬೇಡ. ಆದರೆ ಅದು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಅರ್ಧ ಗಂಟೆ ಓಡಿ ಆಡಿದ ಮಗುವಿನ ಹತ್ತಿ ಬನಿಯನ್ನಿನ ಬೆನ್ನಿಗೆ ಕೈಯಿಟ್ಟು ನೋಡಿ: ಬಟ್ಟೆ ಚರ್ಮಕ್ಕೆ ಮೆತ್ತಿಕೊಂಡಿರುತ್ತದೆ, ಆಟ ನಿಂತ ಸ್ವಲ್ಪ ಹೊತ್ತಿಗೆ ಅದೇ ಜಾಗ ಐಸಿನಂತೆ ತಣ್ಣಗಾಗಿರುತ್ತದೆ. ಉಣ್ಣೆಯ ಗುಣವೇ ಬೇರೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಎಳೆಗಳೊಳಗೆ ಸೆಳೆದುಕೊಂಡ ಮೇಲೂ ಅದು ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಬೆಚ್ಚಗಿಡುವ ಗುಣವನ್ನೂ ಅಷ್ಟಾಗಿ ಕಳೆದುಕೊಳ್ಳುವುದಿಲ್ಲ. ಉಣ್ಣೆ ಚುಚ್ಚುತ್ತದೆ ಎಂಬ ದೂರು ಒರಟು ಉಣ್ಣೆಗೆ ಸಲ್ಲುತ್ತದೆ. ಮೆರಿನೊ ಎಂಬ ತಳಿಯ ಕುರಿಗಳ ಸಣ್ಣ ಎಳೆಯ ಉಣ್ಣೆ ಬಹುತೇಕ ಮಕ್ಕಳಿಗೆ ಚುಚ್ಚುವುದಿಲ್ಲ. ಇಸಬು ಅಥವಾ ಬೇಗ ಕೆರಳುವ ಚರ್ಮವಿರುವ ಮಗುವಾದರೆ ಮೊದಲು ಮನೆಯಲ್ಲೇ ಸ್ವಲ್ಪ ಹೊತ್ತು ತೊಡಿಸಿ ನೋಡಿ. ಪಾಲಿಯೆಸ್ಟರ್‌ನಿಂದ ಮಾಡಿದ ‘ಥರ್ಮಲ್’ ಉಡುಪುಗಳು ಹೀರುವ ನೀರು ಅವುಗಳ ತೂಕದ ಶೇಕಡಾ 1ಕ್ಕಿಂತ ಕಡಿಮೆ, ಬೇಗ ಒಣಗುತ್ತವೆ, ಬೆಲೆಯೂ ಉಣ್ಣೆಗಿಂತ ಕಡಿಮೆ.

ಒಳಪದರ ಮೈಗೆ ಒತ್ತಿ ಕೂರಬೇಕು, ಆದರೆ ಸೊಂಟದಲ್ಲಿ, ಮಣಿಕಟ್ಟಿನಲ್ಲಿ ಗುರುತು ಬೀಳುವಷ್ಟು ಬಿಗಿಯಾಗಬಾರದು. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ದೊಡ್ಡ ಅಳತೆಯ ಒಳ ಉಡುಪು ಕೊಳ್ಳುವುದು ಬಹಳ ಸಾಮಾನ್ಯವಾದ ತಪ್ಪು. ಸಡಿಲವಾದದ್ದು ಬೆವರನ್ನು ಎಳೆಯುವುದಿಲ್ಲ, ಮೇಲಿನ ಬಟ್ಟೆಯಡಿ ಮಡಿಕೆ ಬಿದ್ದು ಮಗುವಿಗೆ ಕಿರಿಕಿರಿ ಮಾಡುತ್ತದೆ. ಅಂಗಿಯ ತುದಿಯನ್ನು ಪ್ಯಾಂಟಿನೊಳಗೆ ಸೇರಿಸಿ. ಇಲ್ಲದಿದ್ದರೆ ಬಗ್ಗಿದಾಗಲೆಲ್ಲ ಸೊಂಟದ ಹಿಂಭಾಗ ತೆರೆದುಕೊಳ್ಳುತ್ತದೆ.

ಹಂತ 3: ನಡುಪದರ

ಬಟ್ಟೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಎಳೆಗಳ ನಡುವೆ ಸಿಕ್ಕಿಕೊಂಡು ನಿಂತ ಗಾಳಿ ಮೈಕಾವು ಹೊರಹೋಗದಂತೆ ತಡೆಯುತ್ತದೆ. ಒಂದೇ ಒಂದು ದಪ್ಪ ಕೋಟಿಗಿಂತ ಎರಡು ತೆಳು ಬಟ್ಟೆಗಳು ಚೆನ್ನಾಗಿ ಕೆಲಸ ಮಾಡುವುದು ಅವುಗಳ ನಡುವೆಯೂ ಗಾಳಿ ನಿಲ್ಲುವುದರಿಂದ. ಇನ್ನೊಂದು ಅನುಕೂಲವೆಂದರೆ, ಬಿಸಿಯಾದಾಗ ಒಂದನ್ನು ತೆಗೆದುಬಿಡಬಹುದು. ಫ್ಲೀಸ್, ಅಂದರೆ ಮೇಲ್ಮೈಯನ್ನು ನಯವಾದ ಜುಂಗಿನಂತೆ ಎಬ್ಬಿಸಿದ ಪಾಲಿಯೆಸ್ಟರ್ ಬಟ್ಟೆ, ಈ ಪದರಕ್ಕೆ ಹಗುರ ಮತ್ತು ಸುಲಭ. ಉಣ್ಣೆಯ ಸ್ವೆಟರ್ ಕೂಡ ಅಷ್ಟೇ ಒಳ್ಳೆಯದು. ಮುಂದೆ ಜಿಪ್ ಇರುವುದನ್ನು ಆರಿಸಿದರೆ ತಲೆಯ ಮೇಲಿಂದ ಎಳೆಯುವ ರಗಳೆ ತಪ್ಪುತ್ತದೆ.

ತೊಡಿಸಿದ ಮೇಲೆ ಮಗುವಿಗೆ ಎರಡೂ ಕೈ ಮೇಲೆತ್ತಲು, ಕುಕ್ಕರಗಾಲಿನಲ್ಲಿ ಕೂತು ಏಳಲು ಹೇಳಿ. ಅದು ಸಾಧ್ಯವಾಗದಿದ್ದರೆ ಪದರಗಳು ಒಂದನ್ನೊಂದು ಅದುಮುತ್ತಿವೆ ಎಂದರ್ಥ. ಅದುಮಿದಾಗ ಗಾಳಿ ಹೊರಹೋಗುತ್ತದೆ, ಗಾಳಿಯೊಂದಿಗೆ ಬೆಚ್ಚನೆಯೂ ಹೋಗುತ್ತದೆ. ಮೂರನೆಯ ಸ್ವೆಟರ್ ಹಾಕಿದ ಮೇಲೂ ಮಗು ‘ಚಳಿ’ ಎನ್ನುವುದಕ್ಕೆ ಹಲವು ಬಾರಿ ಇದೇ ಕಾರಣ.

ಹಂತ 4: ಹೊರಪದರ

ಜಾಕೆಟ್ ಗಾಳಿಯನ್ನು ತಡೆಯಬೇಕು, ನೀರನ್ನು ತಡೆಯಬೇಕು, ಒಳಗಿನ ಬೆವರಿನ ಆವಿಯನ್ನು ಸ್ವಲ್ಪವಾದರೂ ಹೊರಬಿಡಬೇಕು. ಪೂರ್ತಿ ರಬ್ಬರಿನಂಥ ಮಳೆಯಂಗಿ ಮೊದಲೆರಡನ್ನು ಚೆನ್ನಾಗಿ ಮಾಡಿದರೂ ಮೂರನೆಯದರಲ್ಲಿ ಸೋಲುತ್ತದೆ. ಚೀಟಿಯ ಮೇಲೆ ಮಿಲಿಮೀಟರ್‌ಗಳಲ್ಲಿ ಬರೆದಿರುವ ಅಂಕಿ, ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡವನ್ನು ಸೋರದೆ ತಾಳುತ್ತದೆ ಎಂಬುದನ್ನು ಸೂಚಿಸುತ್ತದೆ. ಒದ್ದೆ ಹಿಮದಲ್ಲಿ ಕೂತು ಆಡುವ ಮಗುವಿಗೆ 10,000 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನದು ಇರಲಿ. ಅದರ ಜೊತೆಗೆ ಹೊಲಿಗೆಗಳ ಒಳಭಾಗಕ್ಕೆ ಪಟ್ಟಿ ಅಂಟಿಸಿದ್ದಾರೆಯೇ ನೋಡಿ. ಎಷ್ಟೇ ಒಳ್ಳೆಯ ಬಟ್ಟೆಯಾದರೂ ಹೊಲಿಗೆಯ ತೂತುಗಳ ಮೂಲಕ ನೀರು ಒಳಗಿಳಿಯುತ್ತದೆ. ಬಾತುಕೋಳಿಯ ಮೆತ್ತನೆಯ ಪುಕ್ಕ ತುಂಬಿದ ಜಾಕೆಟ್ ಒಣ ಚಳಿಗೆ ಬಹಳ ಬೆಚ್ಚಗೆ, ಆದರೆ ಒದ್ದೆಯಾದರೆ ಪುಕ್ಕ ಮುದ್ದೆಗಟ್ಟಿ ಕೆಲಸಕ್ಕೆ ಬಾರದಂತಾಗುತ್ತದೆ. ಮಳೆ ಮತ್ತು ಹಿಮ ಬೆರೆತ ಹವೆಗೆ ಕೃತಕ ನಾರು ತುಂಬಿದ್ದೇ ಸೂಕ್ತ.

ಜಾಕೆಟ್ ಮಾತ್ರ ಒಂದು ಅಳತೆ ದೊಡ್ಡದಿದ್ದರೆ ತೊಂದರೆಯಿಲ್ಲ, ಒಳಗಿನ ಪದರಗಳಿಗೂ ಜಾಗ ಬೇಕಲ್ಲ. ಎರಡು ಅಳತೆ ದೊಡ್ಡದಾದರೆ ಕೆಳಗಿನಿಂದ ಗಾಳಿ ನುಗ್ಗುತ್ತದೆ, ತೋಳು ಕೈಯನ್ನು ನುಂಗುತ್ತದೆ, ಮಗು ಎಡವುತ್ತದೆ.

ಎಚ್ಚರಿಕೆ: ಟೋಪಿಯಂಚಿನಲ್ಲಿ ಅಥವಾ ಕತ್ತಿನ ಬಳಿ ಲಾಡಿ ಇರುವ ಜಾಕೆಟ್ಟನ್ನು ಮಕ್ಕಳಿಗೆ ತೊಡಿಸಬೇಡಿ. ಜಾರುಬಂಡೆಯ ಸಂದಿಗೆ, ವಾಹನದ ಬಾಗಿಲಿಗೆ, ಬೇಲಿಗೆ ಲಾಡಿ ಸಿಕ್ಕಿ ಕತ್ತು ಬಿಗಿದು ಮಕ್ಕಳು ಸತ್ತಿದ್ದಾರೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲಿ ಇದರ ಬಗ್ಗೆಯೇ ಮಾರ್ಗಸೂಚಿ ಹೊರಡಿಸಿತು, ಯುರೋಪಿನಲ್ಲೂ ಇದಕ್ಕೆಂದೇ ಪ್ರತ್ಯೇಕ ಮಾನದಂಡವಿದೆ. ಹಳೆಯ ಜಾಕೆಟ್ ಬಳಸುವುದಾದರೆ ಲಾಡಿಯನ್ನು ಪೂರ್ತಿ ಎಳೆದು ತೆಗೆದುಬಿಡಿ.

ಹಂತ 5: ತಲೆ, ಕಿವಿ, ಕತ್ತು, ಮುಖ

ಮೈಕಾವಿನ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ದೊಡ್ಡವರ ಮಟ್ಟಿಗೆ ಅದು ನಿಜವಲ್ಲ, ತಲೆಯಿಂದ ಹೋಗುವುದು ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಆದರೆ ಹಸುಗೂಸಿನ ತಲೆ ಅದರ ಉದ್ದದ ಕಾಲು ಭಾಗದಷ್ಟಿರುವುದರಿಂದ, ಮೈಗೆ ಹೋಲಿಸಿದರೆ ಅಲ್ಲಿಂದ ಹೋಗುವ ಕಾವು ನಿಜಕ್ಕೂ ದೊಡ್ಡದು. ಹೊರಗೆ ಹೋಗುವಾಗ ಕುಲಾವಿ ತಪ್ಪಿಸಬೇಡಿ. ದೊಡ್ಡ ಮಕ್ಕಳಿಗೆ ಕಿವಿಯ ತುದಿ ಮುಚ್ಚುವ ಟೋಪಿ ಬೇಕು, ಏಕೆಂದರೆ ಹೆಪ್ಪುಗಟ್ಟುವ ಅಪಾಯ ಮೊದಲು ಎದುರಾಗುವುದು ಕಿವಿ, ಮೂಗು, ಕೆನ್ನೆ, ಬೆರಳುಗಳಿಗೆ.

ಉದ್ದನೆಯ ಮಫ್ಲರ್ ಬದಲು ತಲೆಯ ಮೇಲಿಂದ ಇಳಿಸುವ ಕೊಳವೆಯಂಥ ಕತ್ತುಪಟ್ಟಿ ಬಳಸಿ. ಲಾಡಿಗೆ ಹೇಳಿದ ಅಪಾಯ ಮಫ್ಲರಿಗೂ ಇದೆ. ಬಾಯಿಯ ಮುಂದಿನ ಬಟ್ಟೆ ಉಸಿರಿನಿಂದ ಒದ್ದೆಯಾಗುತ್ತದೆ, ಆಗಾಗ ತಿರುಗಿಸಿ ಒಣ ಭಾಗವನ್ನು ಮುಂದೆ ತನ್ನಿ. ಹಸುಗೂಸಿನ ಮೂಗು ಬಾಯಿಯ ಮೇಲಂತೂ ಯಾವ ಬಟ್ಟೆಯೂ ಬೇಡ. ಹೊಸ ಹಿಮ ತನ್ನ ಮೇಲೆ ಬೀಳುವ ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರವರೆಗೆ ಮರಳಿ ಚಿಮ್ಮಿಸುತ್ತದೆ, ಆದ್ದರಿಂದ ಬಿಸಿಲಿರುವ ಹಿಮದ ದಿನ ಮಕ್ಕಳಿಗೆ ತಂಪು ಕನ್ನಡಕವೂ ಬೇಕಾಗುತ್ತದೆ.

ಹಂತ 6: ಕೈ

ಐದು ಬೆರಳಿಗೂ ಬೇರೆಬೇರೆ ಕೋಶವಿರುವ ಗವಸಿಗಿಂತ, ಹೆಬ್ಬೆರಳನ್ನು ಮಾತ್ರ ಬೇರೆಯಿಟ್ಟು ನಾಲ್ಕು ಬೆರಳನ್ನೂ ಒಟ್ಟಿಗೆ ಸೇರಿಸುವ ಚೀಲದಂಥ ಗವಸು ಹೆಚ್ಚು ಬೆಚ್ಚಗೆ. ಬೆರಳುಗಳು ಒಂದಕ್ಕೊಂದು ತಾಗಿ ಕಾವನ್ನು ಹಂಚಿಕೊಳ್ಳುತ್ತವೆ. ತೊಡಿಸುವುದೂ ಸುಲಭ: ಎರಡು ವರ್ಷದ ಮಗುವಿನ ಐದು ಬೆರಳನ್ನು ಐದು ಕೋಶಕ್ಕೆ ಸೇರಿಸಲು ಹೊರಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ವರ್ಷದೊಳಗಿನ ಮಕ್ಕಳಿಗೆ ಹೆಬ್ಬೆರಳಿನ ಕೋಶವೂ ಬೇಡ.

ಗವಸಿನ ಕಂಠ ಮಣಿಕಟ್ಟು ದಾಟಿ ಮೇಲೆ ಬರುವಷ್ಟು ಉದ್ದವಿರಲಿ. ಮಣಿಕಟ್ಟಿನ ಬಳಿ ಎರಡು ಬೆರಳಗಲ ಚರ್ಮ ತೆರೆದಿದ್ದರೆ ಹಿಮ ಅಲ್ಲಿಂದಲೇ ಒಳಗೆ ಹೋಗಿ ಕರಗುತ್ತದೆ. ಎರಡನೆಯ ಜೊತೆ ಸದಾ ನಿಮ್ಮ ಚೀಲದಲ್ಲಿರಲಿ. ಹಿಮದಲ್ಲಿ ಆಡುವ ಮಗುವಿನ ಮೊದಲ ಜೊತೆ ಒದ್ದೆಯಾಗಿಯೇ ಆಗುತ್ತದೆ, ಒದ್ದೆ ಗವಸು ಬರಿಗೈಗಿಂತ ಕಡೆ.

ಹಂತ 7: ಕಾಲು

ಕಾಲು ತಣ್ಣಗಾದರೆ ಇನ್ನೊಂದು ಕಾಲುಚೀಲ ಏರಿಸುವುದು ಎಲ್ಲರೂ ಮಾಡುವ ಕೆಲಸ. ಬೂಟಿನಲ್ಲಿ ಜಾಗವಿಲ್ಲದಿದ್ದರೆ ಅದರಿಂದ ಕೆಡುಕೇ ಹೆಚ್ಚು. ಬಿಗಿಯಾದ ಬೂಟು ರಕ್ತಸಂಚಾರವನ್ನು ತಡೆಯುತ್ತದೆ, ಒಳಗಿನ ಗಾಳಿಯನ್ನೂ ಹಿಂಡಿ ಹಾಕುತ್ತದೆ. ಒಂದು ಜೊತೆ ಉಣ್ಣೆಯ ಕಾಲುಚೀಲ, ಅದನ್ನು ಹಾಕಿದ ಮೇಲೂ ಹೆಬ್ಬೆರಳಿನ ಮುಂದೆ ಸುಮಾರು 1ರಿಂದ 1.5 ಸೆಂ.ಮೀ. ಜಾಗವಿರುವ ಬೂಟು, ಇಷ್ಟು ಸಾಕು. ಅಳತೆ ನೋಡುವಾಗ ಬೂಟಿನ ಮೂತಿಯನ್ನು ಒತ್ತಿ ನೋಡುವುದು ನಂಬಿಕೆಗೆ ಅರ್ಹವಲ್ಲ, ಮಗು ಬೆರಳು ಮಡಚಿಕೊಂಡಿರುತ್ತದೆ. ಒಳಗಿನ ಮೆತ್ತೆಯನ್ನು ಹೊರಗೆ ತೆಗೆದು, ಕಾಲುಚೀಲ ಹಾಕಿದ ಮಗುವನ್ನು ಅದರ ಮೇಲೆ ನಿಲ್ಲಿಸಿದರೆ ಎಷ್ಟು ಜಾಗ ಉಳಿದಿದೆಯೆಂದು ಕಣ್ಣಿಗೇ ಕಾಣುತ್ತದೆ. ಚಿಕ್ಕ ಮಕ್ಕಳ ಪಾದ ಬೇಗ ಬೆಳೆಯುತ್ತದೆ, ಆದ್ದರಿಂದ ಚಳಿಗಾಲದ ನಡುವೆಯೂ ಒಮ್ಮೆ ಹೀಗೆ ಪರೀಕ್ಷಿಸಿ.

ಹಂತ 8: ತೊಡಿಸುವ ಅನುಕ್ರಮ

ಹೊರಡುವ ಗಡಿಬಿಡಿಯಲ್ಲಿ ಮಗುವಿಗೆ ಮೊದಲು ಎಲ್ಲವನ್ನೂ ತೊಡಿಸಿ, ಆಮೇಲೆ ನಾವು ತಯಾರಾಗುತ್ತೇವೆ. ಅಷ್ಟರೊಳಗೆ ಬೆಚ್ಚನೆಯ ಮನೆಯೊಳಗೆ ಮಗು ಬೆವರಿರುತ್ತದೆ, ಆ ಬೆವರಿನೊಂದಿಗೇ ಚಳಿಗೆ ಕಾಲಿಡುತ್ತದೆ. ಕ್ರಮವನ್ನು ತಿರುಗಿಸಿ. ಮೊದಲು ಶೌಚಾಲಯಕ್ಕೆ ಕಳಿಸಿ, ಡಯಪರ್ ಹಾಕುವ ಮಗುವಾದರೆ ಬದಲಿಸಿ. ಒಳಪದರ ಮತ್ತು ಕಾಲುಚೀಲ ತೊಡಿಸಿ. ನಿಮ್ಮ ಸಿದ್ಧತೆ ಪೂರ್ತಿ ಮುಗಿಸಿಕೊಳ್ಳಿ. ಬಳಿಕ ಮಗುವಿನ ನಡುಪದರ, ಹೊರಪ್ಯಾಂಟ್, ಬೂಟು, ಕತ್ತುಪಟ್ಟಿ, ಜಾಕೆಟ್, ಟೋಪಿ, ಕೊನೆಗೆ ಬಾಗಿಲ ಬಳಿ ಗವಸು. ಹೊರಪ್ಯಾಂಟಿನ ತುದಿ ಬೂಟಿನ ಮೇಲೆ ಬರಲಿ, ಒಳಗೆ ತುರುಕಿದರೆ ಹಿಮ ನೇರವಾಗಿ ಬೂಟಿಗೆ ಇಳಿಯುತ್ತದೆ.

ಮೂರು ನಾಲ್ಕು ವರ್ಷದ ಮಕ್ಕಳು ಇದೇ ಅನುಕ್ರಮವನ್ನು ಬಹುಬೇಗ ಕಲಿಯುತ್ತಾರೆ. ಶಾಲೆಗೆ ಹೋಗುವ ಮಗುವಿಗೆ ತಾನೇ ಎಳೆಯಬಲ್ಲ ಜಿಪ್, ತಾನೇ ಅಂಟಿಸಬಲ್ಲ ವೆಲ್ಕ್ರೊ ಇರುವುದನ್ನೇ ಕೊಡಿಸಿ, ಅಲ್ಲಿ ಪ್ರತಿ ಮಗುವಿನ ಗುಂಡಿ ಹಾಕಲು ಶಿಕ್ಷಕರಿಗೆ ಬಿಡುವಿರುವುದಿಲ್ಲ. ಚಳಿಗಾಲದಲ್ಲಿ ಬೇಗ ಕತ್ತಲಾಗುವುದರಿಂದ ಜಾಕೆಟ್ಟಿನ ಮೇಲೆ ವಾಹನದ ಬೆಳಕಿಗೆ ಹೊಳೆಯುವ ಪಟ್ಟಿಯೂ ಇರಲಿ.

ಹಂತ 9: ಸಾಕೋ, ಹೆಚ್ಚೋ ಎಂದು ಮುಟ್ಟಿ ತಿಳಿಯಿರಿ

ಅಂಗೈ, ಅಂಗಾಲು ಮುಟ್ಟಿ ತೀರ್ಮಾನಿಸಬೇಡಿ. ಚಳಿಯಲ್ಲಿ ದೇಹ ತನ್ನ ಕಾವನ್ನು ಒಡಲಿನ ಒಳಭಾಗಕ್ಕೆ ಸೆಳೆದುಕೊಳ್ಳುವುದರಿಂದ ಶಿಶುಗಳ ಕೈಕಾಲು ಸ್ವಲ್ಪ ತಣ್ಣಗಿರುವುದು ಸಹಜ. ನಿಮ್ಮ ಕೈಯನ್ನು ಮೊದಲು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಎರಡು ಬೆರಳನ್ನು ಮಗುವಿನ ಕತ್ತಿನ ಹಿಂದೆ, ಅಂಗಿಯ ಅಂಚಿನಡಿ ಇಡಿ. ಅಲ್ಲಿ ಚರ್ಮ ಬೆಚ್ಚಗೆ, ಒಣಗಿದ್ದರೆ ಸರಿಯಾಗಿದೆ. ತೇವವಾಗಿದ್ದರೆ ಅಥವಾ ಬಿಸಿಯೆನಿಸಿದರೆ ಒಂದು ಪದರ ತೆಗೆಯಿರಿ. ತಣ್ಣಗಿದ್ದರೆ ಒಂದು ಪದರ ಸೇರಿಸಿ, ಎದೆಯನ್ನೂ ಮುಟ್ಟಿ ನೋಡಿ. ಹೊರಗೆ ಹೋದ ಹತ್ತು ನಿಮಿಷದ ಮೇಲೆ ಒಮ್ಮೆ, ಆಮೇಲೆ ಆಗಾಗ ಹೀಗೆ ಮಾಡಿ.

ಆರಂಭಕ್ಕೆ ಒಂದು ಅಳತೆಗೋಲು ಬೇಕೆನ್ನುವವರಿಗೆ, ಅದೇ ಹವೆಯಲ್ಲಿ ವಯಸ್ಕರು ತೊಡುವುದಕ್ಕಿಂತ ಶಿಶುವಿಗೆ ಒಂದೇ ಒಂದು ಪದರ ಹೆಚ್ಚು ಸಾಕು ಎಂಬುದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎಂಬ ಮಕ್ಕಳ ತಜ್ಞರ ಸಂಘ ಕೊಡುವ ಸಲಹೆ. ಓಡಿ ಆಡುವ ದೊಡ್ಡ ಮಗುವಿಗೆ ಆ ಹೆಚ್ಚುವರಿ ಪದರವೂ ಬೇಕಾಗದಿರಬಹುದು.

ಹಂತ 10: ಎತ್ತಿಕೊಂಡ ಮಗು, ಗಾಡಿಯ ಮಗು, ಕಾರಿನ ಮಗು

ಎದೆಗೆ ಕಟ್ಟಿಕೊಂಡ ಮಗುವಿಗೆ ನಿಮ್ಮ ಮೈಯೇ ಒಂದು ಪದರ, ಕಟ್ಟಿದ ಬಟ್ಟೆ ಇನ್ನೊಂದು. ಆದ್ದರಿಂದ ಒಳಗೆ ಕಡಿಮೆ ತೊಡಿಸಿ. ನಿಮ್ಮ ಜಾಕೆಟ್ಟನ್ನು ಇಬ್ಬರಿಗೂ ಸೇರಿ ಮುಚ್ಚಬಹುದು, ಆದರೆ ಮಗುವಿನ ಮುಖ ಸದಾ ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು, ಗಲ್ಲ ಎದೆಗೆ ಒತ್ತಿರಬಾರದು. ತೂಗುವ ಕಾಲುಗಳಿಗೆ ಹೆಚ್ಚು ಗಮನ ಕೊಡಿ. ಪ್ಯಾಂಟು ಮೇಲೆ ಜಗ್ಗಿ ಕಣಕಾಲು ತೆರೆದುಕೊಳ್ಳುತ್ತದೆ.

ಗಾಡಿಯ ಮಗು ಅಲುಗಾಡದ ಕಾರಣ ಅದಕ್ಕೆ ಜೊತೆಯಲ್ಲಿ ನಡೆಯುವ ಅಣ್ಣನಿಗಿಂತಲೋ ಅಕ್ಕನಿಗಿಂತಲೋ ಹೆಚ್ಚು ಬಟ್ಟೆ ಬೇಕು. ಬೆನ್ನ ಕೆಳಗೂ ಒಂದು ಕಂಬಳಿ ಹಾಸಿ, ಏಕೆಂದರೆ ಚಳಿ ಕೆಳಗಿನಿಂದಲೂ ಬರುತ್ತದೆ. ಗಾಡಿಯ ಮುಂಭಾಗವನ್ನು ಹೊದಿಕೆಯಿಂದ ಪೂರ್ತಿ ಮುಚ್ಚಿದರೆ ಒಳಗಿನ ಗಾಳಿ ಆಡದೆ ಮಗು ವಿಪರೀತ ಕಾಯಬಹುದು. ಬಿಸಿನೀರಿನ ಚೀಲವನ್ನು ಮಗುವಿನ ಜೊತೆ ಇಡಬೇಡಿ, ಎಳೆಯ ಚರ್ಮ ಬೇಗ ಸುಡುತ್ತದೆ.

ಕಾರಿನ ವಿಷಯ ಗಂಭೀರವಾದದ್ದು. ಉಬ್ಬಿದ ಜಾಕೆಟ್ ಹಾಕಿ ಮಕ್ಕಳ ಸೀಟಿನ ಪಟ್ಟಿ ಬಿಗಿದರೆ ಬಿಗಿಯಾದಂತೆಯೇ ಕಾಣುತ್ತದೆ. ಅಪಘಾತವಾದಾಗ ಜಾಕೆಟ್ಟಿನೊಳಗಿನ ಗಾಳಿ ಹಿಂಡಿಹೋಗಿ, ಪಟ್ಟಿ ಮತ್ತು ಮೈ ನಡುವೆ ಸಡಿಲ ಜಾಗ ಉಂಟಾಗಿ, ಮಗು ಪಟ್ಟಿಯಿಂದ ಜಾರಿ ಹೊರಗೆ ಎಸೆಯಲ್ಪಡಬಹುದು. ಜಾಕೆಟ್ ತೆಗೆದು, ತೆಳುವಾದ ಫ್ಲೀಸ್ ಮೇಲೆ ಪಟ್ಟಿ ಬಿಗಿಯಿರಿ. ಭುಜದ ಬಳಿ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿದಾಗ ಮಡಿಕೆ ಹಿಡಿಯಲು ಸಿಗಬಾರದು. ಪಟ್ಟಿ ಬಿಗಿದ ಮೇಲೆ ಜಾಕೆಟ್ಟನ್ನು ಹಿಂದುಮುಂದಾಗಿ ತೋಳಿಗೆ ಹಾಕಿ, ಇಲ್ಲವೇ ಕಂಬಳಿ ಹೊದಿಸಿ. ಕಾರನ್ನು ಮುಂಚೆಯೇ ಬೆಚ್ಚಗೆ ಮಾಡುವುದು ಒಳ್ಳೆಯದು, ಆದರೆ ಮುಚ್ಚಿದ ಗ್ಯಾರೇಜಿನೊಳಗೆ ಎಂಜಿನ್ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದ ವಿಷಾನಿಲ.

ಹಂತ 11: ರಾತ್ರಿಯ ನಿದ್ದೆ

ಹಗಲಿನ ನಿಯಮ ರಾತ್ರಿಗೆ ಹೊಂದುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಮೈ ವಿಪರೀತ ಬಿಸಿಯಾಗುವುದು ಹಠಾತ್ ಶಿಶು ಮರಣದ, ಅಂದರೆ ಆರೋಗ್ಯವಾಗಿದ್ದಂತೆ ಕಂಡ ಕೂಸು ನಿದ್ದೆಯಲ್ಲಿ ಇದ್ದಕ್ಕಿದ್ದಂತೆ ಸಾಯುವ ಸ್ಥಿತಿಯ, ಅಪಾಯವನ್ನು ಹೆಚ್ಚಿಸುತ್ತದೆ. ಮೇಲೆ ಹೇಳಿದ ಅಕಾಡೆಮಿಯೇ ಮನೆಯೊಳಗೆ ಮಲಗಿದ ಶಿಶುವಿಗೆ ಟೋಪಿ ಬೇಡವೆಂದು ಹೇಳುತ್ತದೆ, ಹೆರಿಗೆಯಾದ ಮೊದಲ ಕೆಲವು ಗಂಟೆಗಳು ಮತ್ತು ಆಸ್ಪತ್ರೆಯ ತೀವ್ರ ನಿಗಾ ಘಟಕ ಇದಕ್ಕೆ ಹೊರತು. ಹೆಚ್ಚಿನ ಕಾವನ್ನು ಹೊರಬಿಡಲು ಶಿಶುವಿಗಿರುವ ಮುಖ್ಯ ದಾರಿಗಳಲ್ಲಿ ತಲೆಯೂ ಒಂದು, ರಾತ್ರಿಯಿಡೀ ಅದನ್ನು ಮುಚ್ಚಿಟ್ಟರೆ ಆ ದಾರಿ ಕಟ್ಟಿಹೋಗುತ್ತದೆ, ಟೋಪಿ ಮೂಗಿನ ಮೇಲೆ ಜಾರುವ ಭಯವೂ ಇದೆ.

ಶಿಶುವನ್ನು ಅಂಗಾತ ಮಲಗಿಸಿ. ಸಡಿಲ ರಗ್ಗು, ದಿಂಬು, ಮೆತ್ತನೆಯ ಬೊಂಬೆ ಹಾಸಿಗೆಯಲ್ಲಿ ಬೇಡ. ಅವುಗಳ ಬದಲು ತೋಳು ಮತ್ತು ಕತ್ತು ಹೊರಗಿರುವಂತೆ ತೊಡಿಸುವ ನಿದ್ದೆಚೀಲ ಬಳಸಿ. ಅದರ ಚೀಟಿಯ ಮೇಲಿರುವ ‘ಟಾಗ್’ ಎಂಬುದು ಬಟ್ಟೆ ಕಾವನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ: ಅಂಕಿ ಹೆಚ್ಚಿದಷ್ಟೂ ಚೀಲ ಬೆಚ್ಚಗೆ. ಶಿಶುಗಳ ಸುರಕ್ಷಿತ ನಿದ್ದೆಗಾಗಿ ಕೆಲಸ ಮಾಡುವ ಬ್ರಿಟನ್ನಿನ ಲಲಬೈ ಟ್ರಸ್ಟ್ ಕೋಣೆಯ ತಾಪಮಾನ 16ರಿಂದ 20 ಡಿಗ್ರಿ ಸೆಲ್ಸಿಯಸ್ ಇರಲಿ ಎನ್ನುತ್ತದೆ. ಆ ತಾಪಮಾನಕ್ಕೆ ಸಾಮಾನ್ಯವಾಗಿ 2.5 ಟಾಗ್ ಚೀಲ ಹೊಂದುತ್ತದೆ, ಒಳಗೆ ಏನು ತೊಡಿಸಬೇಕೆಂಬುದನ್ನು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಿ. ಹೊರಗಿನಿಂದ ಬಂದ ಮಗು ನಿದ್ದೆಹೋಗಿದ್ದರೂ, ಎಬ್ಬಿಸಬೇಕಾಗಿ ಬಂದರೂ ಸರಿ, ಜಾಕೆಟ್ ಮತ್ತು ಟೋಪಿ ತೆಗೆಯಿರಿ. ಕೋಣೆಯಲ್ಲಿ ಹೀಟರ್ ಇದ್ದರೆ ಹಾಸಿಗೆ, ಪರದೆ, ಒಣಗಹಾಕಿದ ಬಟ್ಟೆ ಎಲ್ಲವೂ ಅದರಿಂದ ಕನಿಷ್ಠ 1 ಮೀಟರ್ ದೂರವಿರಲಿ.

ಹಂತ 12: ಅಪಾಯದ ಲಕ್ಷಣಗಳು

ಕೆನ್ನೆ, ಮೂಗು, ಕಿವಿ ಅಥವಾ ಬೆರಳಿನ ತುದಿ ಬಿಳಿಚಿಕೊಂಡು ಇಲ್ಲವೇ ಬೂದಿ ಬಣ್ಣಕ್ಕೆ ತಿರುಗಿ, ಮರಗಟ್ಟಿ, ಮುಟ್ಟಿದರೆ ಮೇಣದಂತೆ ಗಟ್ಟಿಯೆನಿಸಿದರೆ ಅದು ಹಿಮಕಡಿತ, ಅಂದರೆ ಚಳಿಯಿಂದ ಚರ್ಮ ಮತ್ತು ಅದರಡಿಯ ಭಾಗ ಹೆಪ್ಪುಗಟ್ಟುವುದು. ಕಪ್ಪು ಅಥವಾ ಕಂದು ಬಣ್ಣದ ಚರ್ಮದಲ್ಲಿ ಬಣ್ಣದ ಬದಲಾವಣೆ ಸುಲಭವಾಗಿ ಕಾಣುವುದಿಲ್ಲ, ಹಾಗಾಗಿ ಮುಟ್ಟಿಯೇ ನೋಡಬೇಕು. ಆ ಜಾಗವನ್ನು ತಿಕ್ಕಬೇಡಿ, ಹಿಮದಿಂದ ಉಜ್ಜುವುದಂತೂ ಬೇಡವೇ ಬೇಡ, ಬೆಂಕಿ ಅಥವಾ ಹೀಟರ್ ಮುಂದೆ ಹಿಡಿಯಬೇಡಿ. ಒಳಗೆ ಕರೆತಂದು, 37ರಿಂದ 39 ಡಿಗ್ರಿಯಷ್ಟಿರುವ ಉಗುರುಬೆಚ್ಚಗಿನ ನೀರಿನಲ್ಲಿ ಬೆರಳುಗಳನ್ನು ಇಡಿ, ಕಿವಿ ಮೂಗಿಗೆ ಅದೇ ನೀರಿನಲ್ಲಿ ಅದ್ದಿದ ಬಟ್ಟೆ ಸಾಕು. ನೀರಿನ ಬಿಸಿಯನ್ನು ನಿಮ್ಮ ಮೊಣಕೈಯಿಂದ ಪರೀಕ್ಷಿಸಿ, ಮರಗಟ್ಟಿದ ಬೆರಳಿಗೆ ಸುಡುವುದು ತಿಳಿಯುವುದಿಲ್ಲ. ಮತ್ತೆ ಚಳಿಗೆ ಹೋಗಬೇಕಾದ ಸಂದರ್ಭವಿದ್ದರೆ ಕರಗಿಸಲು ಹೋಗಬೇಡಿ, ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಹೆಚ್ಚು. ಬೊಬ್ಬೆ ಎದ್ದರೆ, ಸ್ಪರ್ಶ ಮರಳದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ದೇಹದ ಒಳತಾಪ 35 ಡಿಗ್ರಿಗಿಂತ ಕೆಳಗಿಳಿಯುವುದಕ್ಕೆ ಹೈಪೊಥರ್ಮಿಯಾ ಎನ್ನುತ್ತಾರೆ. ಬಿಡದ ನಡುಕ, ತೊದಲು ಮಾತು, ಎಡವುವ ನಡಿಗೆ, ಅಕಾಲದ ಮಂಪರು ಇದರ ಲಕ್ಷಣಗಳು. ನಡುಗುತ್ತಿದ್ದ ಮಗು ಬಿಸಿಯಾಗದೆಯೇ ನಡುಕ ನಿಲ್ಲಿಸಿದರೆ ಅದು ಸುಧಾರಣೆಯಲ್ಲ, ಸ್ಥಿತಿ ಬಿಗಡಾಯಿಸಿದ ಸೂಚನೆ. ಶಿಶುಗಳಲ್ಲಿ ಚರ್ಮ ಕೆಂಪಗೆ, ಆದರೆ ತಣ್ಣಗೆ ಇರಬಹುದು. ಮಗು ಸಪ್ಪಗಾಗಿ ಹಾಲು ಕುಡಿಯಲೂ ಒಲ್ಲದಿರಬಹುದು. ಕೂಡಲೇ ತುರ್ತು ವೈದ್ಯಕೀಯ ನೆರವಿಗೆ ಕರೆ ಮಾಡಿ. ನೆರವು ಬರುವವರೆಗೆ ಒದ್ದೆ ಬಟ್ಟೆ ಬಿಚ್ಚಿ, ಒಣ ಕಂಬಳಿಯೊಳಗೆ ನಿಮ್ಮ ಮೈಗೆ ಒತ್ತಿ ಹಿಡಿದುಕೊಳ್ಳಿ, ತಲೆಯನ್ನೂ ಮುಚ್ಚಿ.

ಹಂತ 13: ಮರಳಿ ಬಂದ ಮೇಲೆ

ಮೇಲಿನ ಪದರಗಳನ್ನು ಬಾಗಿಲ ಬಳಿಯೇ ಬಿಚ್ಚಿ, ಒಳಪದರ ತೇವವಾಗಿದ್ದರೆ ಅದನ್ನೂ ಬದಲಿಸಿ. ಬೂಟಿನ ಒಳಮೆತ್ತೆಯನ್ನು ಹೊರತೆಗೆದು ಬೇರೆಯಾಗಿ ಒಣಗಿಸಿ. ಬೂಟಿನೊಳಗೆ ಉಂಡೆ ಮಾಡಿದ ಹಳೆಯ ಪತ್ರಿಕೆ ತುರುಕಿ, ಒದ್ದೆಯಾದಂತೆ ಬದಲಿಸುತ್ತಿದ್ದರೆ ಬೆಳಗಾಗುವಷ್ಟರಲ್ಲಿ ಬಹುಮಟ್ಟಿಗೆ ಒಣಗುತ್ತದೆ. ಉಣ್ಣೆಯನ್ನು ತಣ್ಣೀರಿನಲ್ಲಿ ಸೌಮ್ಯ ಸೋಪಿನಿಂದ ಒಗೆದು, ಹಿಂಡದೆ, ಬಟ್ಟೆಯೊಂದರಲ್ಲಿ ಸುತ್ತಿ ಒತ್ತಿ, ಸಮತಲವಾಗಿ ಹರಡಿ. ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಆಕಾರ ಕೆಡುತ್ತದೆ. ಥರ್ಮಲ್ ಉಡುಪು ಮತ್ತು ಜಾಕೆಟ್ ಒಗೆಯುವಾಗ ಬಟ್ಟೆ ಮೆದುಗೊಳಿಸುವ ದ್ರವ ಹಾಕಬೇಡಿ, ಅದು ಎಳೆಗಳ ಮೇಲೆ ಲೇಪದಂತೆ ಕೂತು ಬೆವರು ದಾಟಿಸುವ ಗುಣವನ್ನೂ, ನೀರು ಜಾರಿಸುವ ಗುಣವನ್ನೂ ಕೆಡಿಸುತ್ತದೆ. ಜಾಕೆಟ್ಟಿನ ಮೇಲೆ ನೀರು ಮಣಿಯಾಗಿ ಉರುಳದೆ ಹರಡಿ ಇಂಗತೊಡಗಿದ್ದರೆ, ನೀರು ತಡೆಯುವ ಸ್ಪ್ರೇಯನ್ನು ಮತ್ತೊಮ್ಮೆ ಹಚ್ಚುವ ಕಾಲ ಬಂದಿದೆ.